ಎಲ್ಲ ಮಕ್ಕಳೂ ಸೇರಿ ಮಾಡುವ ಕೌದಿ: ಬಡಾವಣೆಯಲ್ಲಿ ಕಲಾ ಶಿಬಿರ ಶುರು ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಬೇಸಿಗೆ ರಜೆ ಹತ್ತಿರ ಬಂದಾಗೆಲ್ಲ ನನಗೆ ಬರುವ ಮೆಸೇಜುಗಳಲ್ಲಿ ಒಂದು ಮಾತು ತಪ್ಪದೆ ಇರುತ್ತದೆ. "ಎಲ್ಲ ಮಕ್ಕಳೂ ಬನ್ನಿ ಅಂತ ಬೋರ್ಡ್ ಹಾಕಿದ್ವಿ. ಮೊದಲ ದಿನ ವೀಲ್‌ಚೇರ್ ಹುಡುಗ ಬಂದ, ಕಣ್ಣು ಕಾಣದ ಹುಡುಗಿ ಬಂದಳು, ಕಟ್ಟಡ ಕೆಲಸದವರ ಮಕ್ಕಳೂ ಬಂದ್ರು. ಮೂರನೇ ವಾರಕ್ಕೆ ಇವರಲ್ಲಿ ಒಬ್ಬರೂ ಇಲ್ಲ. ಎಲ್ಲಿ ತಪ್ಪಿದ್ವಿ?"

ಮನಸ್ಸು ಎಲ್ಲರದೂ ಒಳ್ಳೆಯದೇ. ಕ್ರಮ ತಪ್ಪಿರುತ್ತದೆ. ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಮೊದಲು ಏನು ಮಾಡಿಸೋದು ಅಂತ ತೀರ್ಮಾನ ಆಗುತ್ತದೆ. ಆಮೇಲೆ ಹಾಲ್ ಗೊತ್ತು ಮಾಡುತ್ತೇವೆ, ಬಣ್ಣ ಬ್ರಷ್ ತರುತ್ತೇವೆ, ಮಕ್ಕಳನ್ನು ಕರೆಯುತ್ತೇವೆ. ಅವತ್ತು ಬೆಳಿಗ್ಗೆ ಬಾಗಿಲಲ್ಲಿ ನಿಂತ ಒಂದು ಮಗುವನ್ನು ನೋಡಿ "ಅಯ್ಯೋ, ಇವನಿಗೆ ಏನು ಕೊಡೋದು?" ಅಂತ ಯೋಚನೆ ಶುರುವಾಗುತ್ತದೆ. ಇದನ್ನು ಪೂರ್ತಿ ತಿರುಗಿಸಬೇಕು. ಮೊದಲು ಮಗು, ಆಮೇಲೆ ಜಾಗ, ಆಮೇಲೆ ಸಾಮಾನು, ಎಲ್ಲಕ್ಕಿಂತ ಕೊನೆಗೆ ಕೆಲಸ.

ನಾನಿಲ್ಲಿ 8 ವಾರದ ಒಂದು ಕಾರ್ಯಕ್ರಮ ಹೇಳುತ್ತೇನೆ. ಕೊನೆಗೆ ಮಕ್ಕಳೆಲ್ಲ ಸೇರಿ ಒಂದು ಕೌದಿ, ಅಂದರೆ ಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಹೊದಿಕೆ, ಮಾಡುತ್ತಾರೆ. ಕೌದಿಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಕೌದಿಯಲ್ಲಿ ಯಾವ ತುಂಡೂ ತಪ್ಪು ತುಂಡು ಅಲ್ಲ. ಒಂದರಲ್ಲಿ ಬರೀ ಕೈಯಚ್ಚು ಇರಬಹುದು, ಇನ್ನೊಂದರಲ್ಲಿ ಗುಂಡಿ ಹೊಲಿದಿರಬಹುದು, ಮತ್ತೊಂದರಲ್ಲಿ ನಾಲ್ಕೇ ನಾಲ್ಕು ಗೆರೆ. ಎಲ್ಲಾ ಒಟ್ಟಿಗೆ ಕೂರುತ್ತವೆ. ಮುಟ್ಟಿ ನೋಡಬಹುದು. ಜೊತೆಗೆ, ಬೆಂಗಳೂರಿನ ಸುತ್ತ ಕಟ್ಟಡ ಕೆಲಸಕ್ಕೆ ಬಂದಿರುವ ಯಾದಗಿರಿ, ಕಲಬುರಗಿ, ರಾಯಚೂರು ಕಡೆಯ ಮನೆಗಳಲ್ಲಿ ಕೌದಿ ಹೊಲಿಯಲು ಬರುವ ಅಮ್ಮ, ಅಜ್ಜಿ ಇದ್ದೇ ಇರುತ್ತಾರೆ. ಕಲಿಸುವವರು ಅವರೇ ಆಗಬಹುದು.

ಮೊದಲ ಸಲ 12 ಮಕ್ಕಳಿಗಿಂತ ಜಾಸ್ತಿ ಬೇಡ. ತಲಾ 2 ತುಂಡು, ಒಟ್ಟು 24.

ಹಂತ 1: ಮನೆಗೆ ಹೋಗಿ (ಶುರುವಾಗುವ 3-4 ವಾರ ಮುಂಚೆ)

ಪೋಸ್ಟರ್ ಅಂಟಿಸಿದರೆ, ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಬರುವುದು ಯಾವಾಗಲೂ ಬರುವ ಮಕ್ಕಳೇ. ಮನೆಯಿಂದ ಹೊರಗೆ ಬಾರದ ಮಗುವಿನ ಅಪ್ಪ ಅಮ್ಮ ಆ ಗ್ರೂಪಿನಲ್ಲಿ ಇರುವುದಿಲ್ಲ. ಇದ್ದರೂ "ಇದು ನಮ್ಮ ಮಗುವಿಗಲ್ಲ" ಅಂತಲೇ ಓದಿಕೊಳ್ಳುತ್ತಾರೆ.

ಯಾರನ್ನು ಕೇಳಬೇಕು? ಮೊದಲು ಅಂಗನವಾಡಿ ಟೀಚರ್ ಮತ್ತು ಆಶಾ ಕಾರ್ಯಕರ್ತೆ. ಯಾವ ಬೀದಿಯ ಯಾವ ಮನೆಯಲ್ಲಿ ಯಾವ ಮಗು ಇದೆ ಅಂತ ಇವರಿಗೆ ಬಾಯಿಪಾಠ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ವಿ.ಆರ್.ಡಬ್ಲ್ಯು. ಅಂತ ಕರೆಯುವ, ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಪಟ್ಟಣವಾದರೆ ಯು.ಆರ್.ಡಬ್ಲ್ಯು. ಸರ್ಕಾರಿ ಶಾಲೆಯಲ್ಲಿ ಕೇಳಿದರೆ ಬಿ.ಐ.ಇ.ಆರ್.ಟಿ., ಅಂದರೆ ವಿಶೇಷ ಅಗತ್ಯವಿರುವ ಮಕ್ಕಳಿಗೆ ಕಲಿಸುವ ಸಂಪನ್ಮೂಲ ಶಿಕ್ಷಕರ ಪರಿಚಯ ಮಾಡಿಸುತ್ತಾರೆ. ಶಾಲೆಗೆ ಬರಲಾಗದೆ ಮನೆಯಲ್ಲೇ ಪಾಠ ಕಲಿಯುವ ಮಕ್ಕಳು ಇವರಿಗೆ ಗೊತ್ತು. ಕಟ್ಟಡ ಕೆಲಸದವರ ಶೆಡ್ಡುಗಳಿಗೆ ಹೋಗುವುದಾದರೆ ಮೇಸ್ತ್ರಿಗೆ ಮೊದಲೇ ಹೇಳಿ. ಸಂಜೆ ಅಡುಗೆ ಹೊತ್ತಿಗೆ ಹೋಗಿ, ಆಗ ಎಲ್ಲರೂ ಇರುತ್ತಾರೆ.

ಇವರಲ್ಲಿ ಯಾರಿಂದಲೂ ಪಟ್ಟಿ ಇಸಿದುಕೊಂಡು ಬಂದುಬಿಡಬೇಡಿ. ಅವರೇ ಮನೆಯವರನ್ನು ಒಂದು ಮಾತು ಕೇಳಲಿ. ಒಪ್ಪಿದ ಮನೆಗೆ ಮಾತ್ರ, ಅವರ ಜೊತೆಯಲ್ಲೇ ಹೋಗಿ.

ಹೋದಾಗ ಫಾರಂ ತೆಗೆಯಬೇಡಿ. ಅಂಗವಿಕಲತೆಯ ಸರ್ಟಿಫಿಕೇಟು, ಕಾರ್ಡು ಅಂತ ಕೇಳಲೇಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆ ಹೆಸರಿಸುತ್ತದೆ. ಆ ಪಟ್ಟಿಯಲ್ಲಿ ಮಗು ಎಲ್ಲಿ ಬರುತ್ತದೆ ಅನ್ನುವುದರಿಂದ ನಿಮ್ಮ ಕೆಲಸಕ್ಕೆ ಏನೂ ಸಿಗುವುದಿಲ್ಲ. ಒಂದೇ ಹೆಸರಿನ ತೊಂದರೆ ಇರುವ ಇಬ್ಬರು ಮಕ್ಕಳಲ್ಲಿ ಒಬ್ಬಳು ಜೇಡಿಮಣ್ಣು ಬಿಟ್ಟು ಏಳುವುದಿಲ್ಲ, ಇನ್ನೊಬ್ಬ ಒದ್ದೆ ಮಣ್ಣು ಕಂಡರೆ ಅಳುತ್ತಾನೆ. ನಿಮಗೆ ಬೇಕಾಗಿರುವುದು ಇಷ್ಟು:

1. ಏನು ಕೊಟ್ಟರೆ ಮಗು ಹೊತ್ತು ಹೋಗುವುದೇ ಗೊತ್ತಾಗದ ಹಾಗೆ ಕೂರುತ್ತದೆ?
2. ಬೇಕು, ಬೇಡ ಅನ್ನುವುದನ್ನು ಹೇಗೆ ಹೇಳುತ್ತದೆ? ಮಾತಿನಲ್ಲಾ, ಕಣ್ಣಿನಲ್ಲಾ, ಕೈ ತಳ್ಳಿಯಾ?
3. ಯಾವ ಸದ್ದು, ವಾಸನೆ, ಮುಟ್ಟುವಿಕೆ ಆಗುವುದಿಲ್ಲ? ವಸ್ತುಗಳನ್ನು ಬಾಯಿಗೆ ಹಾಕಿಕೊಳ್ಳುತ್ತದಾ?
4. ಫಿಟ್ಸ್ ಬರುತ್ತದಾ, ಔಷಧಿ ಏನಿದೆ, ಯಾವ ತಿಂಡಿ ಆಗದು, ನುಂಗಲು ಕಷ್ಟ ಇದೆಯಾ?
5. ಬಾತ್‌ರೂಮಿಗೆ ಯಾರ ಸಹಾಯ ಬೇಕು? ಕರೆದುಕೊಂಡು ಬರುವವರು, ಕರೆದುಕೊಂಡು ಹೋಗುವವರು ಯಾರು?

ಎರಡನೇ ಪ್ರಶ್ನೆಯನ್ನು ಬಿಟ್ಟವರೇ ಜಾಸ್ತಿ. "ಬೇಡ" ಅನ್ನುವುದು ನಿಮಗೆ ಅರ್ಥವಾಗದಿದ್ದರೆ ಮಗು ಕೊನೆಗೆ ಅಳಬೇಕು, ಇಲ್ಲವೇ ಕಚ್ಚಬೇಕು. ಆಮೇಲೆ "ಹಠಮಾರಿ" ಅನ್ನುವ ಹೆಸರು ಅದಕ್ಕೆ ಬರುತ್ತದೆ. ಇನ್ನೊಂದು ವಿಷಯ: ಅಮ್ಮನನ್ನು ಕೇಳುವಾಗಲೂ ಮಗುವಿನ ಕಡೆ ನೋಡಿ ಕೇಳಿ. ಮಾತು ಬರದ ಮಗು ಎದುರಿಗೇ ಕೂತಿರುವಾಗ "ಇವಳಿಗೆ ಏನಾಗಿದೆ?" ಅನ್ನಬಾರದು ಅಲ್ವಾ, ಕಿವಿ ಕೇಳಿಸುತ್ತಿರುತ್ತದೆ.

ಹಂತ 2: ಜಾಗ ಅಳೆಯಿರಿ

ಅಳೆಯಿರಿ ಅಂದದ್ದು ನಿಜವಾಗಿಯೂ ಟೇಪು ಹಿಡಿದು ಅಳೆಯಿರಿ ಅಂತ. ನಾವು ಮೊದಲ ವರ್ಷ "ಮೂರೇ ಮೆಟ್ಟಿಲು, ಎತ್ತಿಕೊಂಡರೆ ಆಯ್ತು" ಅಂದುಕೊಂಡೆವು. 12 ವರ್ಷದ ಹುಡುಗನನ್ನು ಇಬ್ಬರು ಗಂಡಸರು ಕುರ್ಚಿ ಸಮೇತ ಎತ್ತಿ ಒಳಗಿಟ್ಟರು. ಎಲ್ಲ ಮಕ್ಕಳೂ ತಿರುಗಿ ನೋಡಿದರು. ಮುಂದಿನ ವಾರ ಅವನು ಬರಲಿಲ್ಲ. ಮನೆಗೆ ಹೋದಾಗ ಅವನ ಅಮ್ಮ, "ಎತ್ತಿದ್ದು ಅವನಿಗೆ ಇಷ್ಟ ಆಗ್ಲಿಲ್ಲಮ್ಮ" ಅಂದರು, ಅಷ್ಟೇ. ಆ ತಪ್ಪು ನಮ್ಮದು.

ರ‍್ಯಾಂಪಿನ ಲೆಕ್ಕ ಸುಲಭ. 1 ಇಂಚು ಎತ್ತರಕ್ಕೆ 12 ಇಂಚು ಉದ್ದ ಬೇಕು. 6 ಇಂಚಿನ ಒಂದು ಮೆಟ್ಟಿಲಿಗೆ 6 ಅಡಿ. ಅಂಥ ಮೂರು ಮೆಟ್ಟಿಲಿಗೆ 18 ಅಡಿ. ಹಾಗಾಗಿ ಮೂರು ಮೆಟ್ಟಿಲಿನ ಹಾಲಿಗೆ ಹಲಗೆ ಇಟ್ಟು ಸರಿಮಾಡುವ ಯೋಚನೆ ಬಿಡಿ, ಬೇರೆ ಜಾಗ ನೋಡಿ. ಬಾಗಿಲು 900 ಮಿಲಿಮೀಟರ್, ಅಂದರೆ ಸುಮಾರು 3 ಅಡಿ ಅಗಲ ಇರಬೇಕು. ಒಳಗೆ ವೀಲ್‌ಚೇರ್ ತಿರುಗಲು 5 ಅಡಿ ಸುತ್ತಳತೆಯ ಅಲ್ಲ, 5 ಅಡಿ ಅಡ್ಡಗಲದ ಖಾಲಿ ಜಾಗ ಬೇಕು.

ಬಾತ್‌ರೂಮನ್ನು ಕಣ್ಣಾರೆ ನೋಡಿ. "ಇದೆ ಮೇಡಂ" ಅಂತಾರೆ. ಇರುತ್ತದೆ, ಬೀಗ ಹಾಕಿರುತ್ತದೆ, ಬೀಗದ ಕೈ ಇನ್ಯಾರದೋ ಜೇಬಲ್ಲಿ ಊರಾಚೆ ಹೋಗಿರುತ್ತದೆ. ಕಾರ್ಯಕ್ರಮದ ದಿನ ಬೀಗದ ಕೈ ನಿಮ್ಮ ಹತ್ತಿರ ಇರಬೇಕು. ಹುಡುಗಿಯರು ಬರುವುದು ನಿಲ್ಲಿಸಲು ಇದೊಂದೇ ಕಾರಣ ಸಾಕು.

ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ), ನೆಲಮಹಡಿಯಲ್ಲಿರುವ ಸರ್ಕಾರಿ ಶಾಲೆಯ ಕೊಠಡಿ, ಇವೆರಡು ನನ್ನ ಮೊದಲ ಆಯ್ಕೆ. ದೇವಸ್ಥಾನದ ಹಾಲ್ ಪುಕ್ಕಟೆ ಸಿಗುತ್ತದೆ ನಿಜ. ಆದರೆ ಅಲ್ಲಿಗೆ ಕಾಲಿಡಲು ಹಿಂಜರಿಯುವ ಮನೆಗಳಿವೆ, ಯಾಕೆ ಅಂತ ನಮಗೆಲ್ಲ ಗೊತ್ತು. ಯಾವ ಮನೆಯವರೂ ಒಂದು ಸಲ ಯೋಚಿಸದೆ ಒಳಗೆ ಬರುವ ಜಾಗವೇ ಬೇಕು. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಕೂಡ ಇದೇ ಲೆಕ್ಕದಲ್ಲಿ ಬೀಳುತ್ತದೆ. ಗೇಟಿನಲ್ಲಿ ರಿಜಿಸ್ಟರ್ ಹಿಡಿದು ನಿಂತ ಸೆಕ್ಯುರಿಟಿಯವರನ್ನು ದಾಟಿ ಶೆಡ್ಡಿನ ಮಕ್ಕಳು ಬರುವುದಿಲ್ಲ.

ಹಾಲ್ ಗೊಂಯ್ ಅಂತ ಪ್ರತಿಧ್ವನಿಸುತ್ತಿದ್ದರೆ ನೆಲಕ್ಕೆ ಜಮಖಾನ ಹಾಸಿ, ಕಿಟಕಿಗೆ ಹಳೆ ಸೀರೆ ಕಟ್ಟಿ. ಸದ್ದು ತುಂಬಾ ಕಡಿಮೆಯಾಗುತ್ತದೆ. ಫಿನೈಲ್ ಹಾಕಿ ಒರೆಸುವುದಿದ್ದರೆ ಹಿಂದಿನ ದಿನ ಸಂಜೆಯೇ ಮುಗಿಸಿ. ಆ ವಾಸನೆಗೆ ಬಾಗಿಲಲ್ಲೇ ನಿಂತುಬಿಡುವ ಮಕ್ಕಳಿದ್ದಾರೆ. ಒಂದು ಮೂಲೆಯನ್ನು ಖಾಲಿ ಬಿಡಿ. ಚಾಪೆ, ಎರಡು ದಿಂಬು, ಅಡ್ಡಕ್ಕೆ ಒಂದು ಬಟ್ಟೆ. ಸಾಕಾಯ್ತು ಅನ್ನಿಸಿದ ಯಾವ ಮಗು ಬೇಕಾದರೂ ಅಲ್ಲಿ ಹೋಗಿ ಕೂರಬಹುದು. ಇದು ಶಿಕ್ಷೆಯ ಮೂಲೆ ಅಲ್ಲ ಅಂತ ಮೊದಲ ದಿನವೇ ಎಲ್ಲರಿಗೂ ಹೇಳಿ. ನೀವೂ ಒಂದೆರಡು ಸಲ ಹೋಗಿ ಕೂತುಬನ್ನಿ.

ಕೂರುವ ವ್ಯವಸ್ಥೆಯಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಎಲ್ಲರೂ ನೆಲದ ಮೇಲೆ, ವೀಲ್‌ಚೇರಿನ ಮಗು ಒಂದೇ ಮೇಲೆ. ಎರಡು ಮೇಜು ಹಾಕಿ, ಅಲ್ಲಿ ಇನ್ನೂ ಮೂರ್ನಾಲ್ಕು ಮಕ್ಕಳು ಕುರ್ಚಿಯಲ್ಲಿ ಕೂರಲಿ. ಮೇಜಿನ ಕೆಳಗೆ ಅಡ್ಡಪಟ್ಟಿ ಇದೆಯಾ ನೋಡಿ, ಇದ್ದರೆ ಮೊಣಕಾಲು ಒಳಗೆ ಹೋಗುವುದಿಲ್ಲ.

ಹಂತ 3: ದಿನ ಮತ್ತು ಹೊತ್ತು

ಭಾನುವಾರ ಬೆಳಿಗ್ಗೆ 10 ಗಂಟೆ ಅಂತ ನಾವೇ ಗೊತ್ತು ಮಾಡಿಬಿಡುತ್ತೇವೆ. ಕಟ್ಟಡ ಕೆಲಸದವರಿಗೆ ರಜೆ ಬಹಳ ಕಡೆ ಸಂತೆಯ ದಿನ. ಕೆಲವು ಮಕ್ಕಳಿಗೆ ಫಿಸಿಯೋಥೆರಪಿ ಇರುತ್ತದೆ, ಬೆಳಗಿನ ಔಷಧಿಯಿಂದ ಮಂಪರು ಇರುತ್ತದೆ. ಮನೆಗೆ ಹೋದಾಗಲೇ ಕೇಳಿ, ಜಾಸ್ತಿ ಜನಕ್ಕೆ ಆಗುವ ಹೊತ್ತು ಹಿಡಿಯಿರಿ. ಒಂದೂವರೆ ಗಂಟೆ ಸಾಕು.

ಹಣ ಇದ್ದರೆ ಮೊದಲು ಆಟೋಗೆ ಇಡಿ. ಬಣ್ಣಕ್ಕೆ ಆಮೇಲೆ. ವಾರವೂ ಅದೇ ಆಟೋ, ಅದೇ ಅಣ್ಣ ಬಂದರೆ ಮಕ್ಕಳಿಗೂ ಧೈರ್ಯ.

ಹಂತ 4: ಜೊತೆಗಾರರನ್ನು ತಯಾರು ಮಾಡಿ

12 ಮಕ್ಕಳಿಗೆ 4 ಜನ ದೊಡ್ಡವರು. ಇವರಿಗೆ ಒಂದು ಸಂಜೆ ಕೂಡಿಸಿಕೊಂಡು ಕಲಿಸಬೇಕು. ಚಿತ್ರ ಬರೆಯಲು ಚೆನ್ನಾಗಿ ಬರುವವರೇ ಬೇಕು ಅಂತಿಲ್ಲ. ಸುಮ್ನೆ ಕೂರಲು ಬರಬೇಕು. ಅದೇ ಕಷ್ಟ.

ಮುಖ್ಯ ನಿಯಮ ಕೈಯದು. ಮಗುವಿನ ಕೈ ಹಿಡಿದು ಬರೆಸಬಾರದು. ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದ ಅಭ್ಯಾಸ ನಮಗೆಲ್ಲ ಇದೆ, ಆದರೆ ಇಲ್ಲಿ ಅದು ಬೇಡ. ತೋರಿಸಲೇಬೇಕಾದರೆ ನಿಮ್ಮ ಕೈ ಕೆಳಗೆ ಇರಲಿ, ಮಗುವಿನ ಕೈ ನಿಮ್ಮ ಕೈ ಮೇಲೆ. ಆಗ ಬೇಡ ಅನ್ನಿಸಿದ ತಕ್ಷಣ ಮಗು ತನ್ನ ಕೈ ತೆಗೆಯಬಹುದು.

ಇದನ್ನು ನಾನು ಕಲಿತದ್ದು ಒಬ್ಬ ಅಮ್ಮನಿಂದ. ಗಾರೆ ಕೆಲಸದವರು, ಮಗನನ್ನು ಬಿಟ್ಟು ಹೊರಗೆ ಕಟ್ಟೆಯ ಮೇಲೆ ಕಾಯುತ್ತಿದ್ದರು. ಒಳಗೆ ಕಣ್ಣು ಕಾಣದ ಹುಡುಗಿಗೆ ನಮ್ಮ ವಾಲಂಟಿಯರ್ ಹೊಲಿಗೆ ಹೇಳಿಕೊಡಲು ಒದ್ದಾಡುತ್ತಿದ್ದುದನ್ನು ಕಿಟಕಿಯಿಂದ ನೋಡಿ ಬಂದರು. ಹುಡುಗಿಯ ಪಕ್ಕ ಕೂತು, "ನನ್ ಕೈ ಮ್ಯಾಲ ನಿನ್ ಕೈ ಇಡು" ಅಂದರು. ಹೊಲಿಯುತ್ತಾ ಹೋದರು. ಸಿಮೆಂಟಿಗೆ ಒರಟಾದ ಬೆರಳು, ಅದರ ಮೇಲೆ ಹುಡುಗಿಯ ನಾಲ್ಕು ಬೆರಳು, ಸೂಜಿ ಕೆಳಗೆ ಹೋದಾಗ ಕೆಳಗೆ, ಮೇಲೆ ಬಂದಾಗ ಮೇಲೆ. ಒಂದು ಸಾಲು ಮುಗಿಯುವ ಹೊತ್ತಿಗೆ ಹುಡುಗಿ ಸೂಜಿ ಕೇಳಿ ಇಸಿದುಕೊಂಡಳು. ಎರಡು ಹೊಲಿಗೆಯ ನಡುವಿನ ಅಂತರವನ್ನು ಹೆಬ್ಬೆರಳಿನ ಉಗುರಿಂದ ಅಳೆಯುವುದನ್ನೂ ಆ ಅಮ್ಮನೇ ಹೇಳಿಕೊಟ್ಟಿದ್ದು. ಮುಂದಿನ ವಾರದಿಂದ ನಮ್ಮ ಹೊಲಿಗೆ ಟೀಚರ್ ಅವರೇ ಆದರು, ಅವತ್ತಿನ ಕೂಲಿ ಲೆಕ್ಕ ಹಾಕಿ ಹಣ ಕೊಟ್ಟೆವು. ಕೊಡಬೇಕು. ಕೂಲಿ ಬಿಟ್ಟು ಬಂದವರನ್ನು ಪುಕ್ಕಟೆ ದುಡಿಸಬಾರದು.

ಇನ್ನುಳಿದ ನಿಯಮಗಳು ಚಿಕ್ಕವು. ಕಿವಿ ಕೇಳದ ಮಗುವಿನ ಜೊತೆ ಮಾತಾಡುವಾಗ ಮುಖ ಕಾಣಬೇಕು, ಕಿಟಕಿಗೆ ಬೆನ್ನು ಹಾಕಿ ನಿಂತರೆ ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ. ಬಾಯಿಗೆ ಕೈ ಅಡ್ಡ ಇಡಬೇಡಿ. ಕರೆಯಲು ಕೈ ಬೀಸಿ. ಸಂಜ್ಞೆ ಭಾಷೆ ಬಲ್ಲವರು ಒಬ್ಬರು ಸಿಕ್ಕರೆ ಎಲ್ಲ ಮಕ್ಕಳಿಗೂ ಹತ್ತು ಸಂಜ್ಞೆ ಕಲಿಸಿಸಿ: ಬೇಕು, ಬೇಡ, ನೀರು, ಬಣ್ಣ, ಸಾಕು, ಹೀಗೆ. ಕಣ್ಣು ಕಾಣದ ಮಗುವಿನ ಹತ್ತಿರ ಹೋದಾಗ ನಿಮ್ಮ ಹೆಸರು ಹೇಳಿ, ಎದ್ದು ಹೋಗುವಾಗಲೂ ಹೇಳಿ.

ಸುರಕ್ಷತೆಯ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಬಾಗಿಲು ಹಾಕಿದ ಜಾಗದಲ್ಲಿ ಒಬ್ಬರೇ ಇರಬಾರದು. ಬಾತ್‌ರೂಮ್ ಸಹಾಯ ಮನೆಯವರು ಅಥವಾ ಮನೆಯವರು ಹೆಸರು ಹೇಳಿದವರು ಮಾತ್ರ ಮಾಡಬೇಕು. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ. ಫೋಟೋಗೆ ಅಪ್ಪ ಅಮ್ಮನ ಒಪ್ಪಿಗೆಯ ಜೊತೆ ಮಗುವಿನ ಒಪ್ಪಿಗೆಯೂ ಬೇಕು.

ಫಿಟ್ಸ್ ಬಂದರೆ ಏನು ಮಾಡಬೇಕು ಅನ್ನುವುದು ನಾಲ್ವರಿಗೂ ಗೊತ್ತಿರಲಿ. ಕೈಗೆ ಬೀಗದ ಕೈ, ಕಬ್ಬಿಣ ಕೊಡುವುದು ಬೇಡ. ಬಾಯಿಗೆ ಚಮಚ, ನೀರು ಏನೂ ಹಾಕಬಾರದು. ಕೈಕಾಲು ಅದುಮಿ ಹಿಡಿಯಬಾರದು. ಸುತ್ತಲಿನ ಕುರ್ಚಿ ಸರಿಸಿ, ತಲೆ ಕೆಳಗೆ ಮೆತ್ತನೆಯದು ಇಟ್ಟು, ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಒಂದರ ಹಿಂದೆ ಒಂದು ಬಂದರೆ, ಉಸಿರಾಟಕ್ಕೆ ತೊಂದರೆ ಕಂಡರೆ ಅಥವಾ ಅದು ಮಗುವಿನ ಮೊದಲ ಫಿಟ್ಸ್ ಆಗಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಹಂತ 5: ಸಾಮಾನು ಹೊಂದಿಸುವುದು

ಇಲ್ಲಿಗೆ ಬರುವ ಹೊತ್ತಿಗೆ ನಿಮ್ಮ ಹತ್ತಿರ 12 ಮಕ್ಕಳ ವಿಷಯ ಇರುತ್ತದೆ. ಈಗ ಅಂಗಡಿಗೆ ಹೋಗಬಹುದು.

*ಬಟ್ಟೆ.* ಹಳೆಯ ಹತ್ತಿ ಸೀರೆ, ಪಂಚೆ, ಬೆಡ್‌ಶೀಟ್. ಹೊಸ ಕೋರಾ ಬಟ್ಟೆ ತಂದರೆ ಬಿಸಿನೀರಲ್ಲಿ ಒಗೆದು ಗಂಜಿ ತೆಗೆಯಲೇಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ. 13 ಇಂಚಿನ ಚೌಕ ಕತ್ತರಿಸಿ. ಸುತ್ತ ಅರ್ಧ ಇಂಚು ಹೊಲಿಗೆಗೆ ಹೋಗಿ ಸರಿಯಾಗಿ 1 ಅಡಿ ಉಳಿಯುತ್ತದೆ. ಕೆಟ್ಟರೆ ಇರಲಿ ಅಂತ 24ರ ಬದಲು 40 ಮಾಡಿಡಿ.

*ಹಿಡಿಕೆ.* ಬ್ರಷ್ಷನ್ನು ಬಿಗಿಯಾಗಿ ಹಿಡಿಯಲಾಗದ ಮಗುವಿಗೆ ಹಿಡಿಕೆ ದಪ್ಪ ಮಾಡಬೇಕು. ಹಳೆಯ ಸೈಕಲ್ ಟ್ಯೂಬನ್ನು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ಎಳೆದು ಎಳೆದು ಸುತ್ತಿ. ಜಾರುವುದಿಲ್ಲ, ಒದ್ದೆಯಾದರೂ ಬಿಚ್ಚುವುದಿಲ್ಲ. ಇನ್ನೂ ದಪ್ಪ ಬೇಕಾದರೆ ಮೆತ್ತನೆಯ ರಬ್ಬರ್ ಚೆಂಡಿಗೆ ತೂತು ಮಾಡಿ ಬ್ರಷ್ ತೂರಿಸಿ, ಮಗು ಚೆಂಡನ್ನು ಹಿಡಿಯುತ್ತದೆ. ಬೆರಳು ಮಡಚಲೇ ಆಗದಿದ್ದರೆ ಅಂಗೈಗೆ ವೆಲ್ಕ್ರೋ ಪಟ್ಟಿ ಕಟ್ಟಿ ಅದರೊಳಗೆ ಬ್ರಷ್ ಸಿಕ್ಕಿಸಿ. ಕಾಲಿನಲ್ಲಿ ಬರೆಯುವ ಮಗುವಿಗೆ ರಟ್ಟಿನ ಮೇಲೆ ಬಟ್ಟೆಯನ್ನು ಟೇಪಿನಿಂದ ಅಂಟಿಸಿ ನೆಲಕ್ಕೆ ಇಡಿ. ಇವನ್ನು ಎಲ್ಲ ಮಕ್ಕಳ ಕೈಗೂ ಸಿಗುವ ಹಾಗೆ ಒಂದೇ ಬುಟ್ಟಿಯಲ್ಲಿಡಿ. ಎಲ್ಲರೂ ಚೆಂಡಿನ ಬ್ರಷ್ಷೇ ಬೇಕು ಅಂತ ಜಗಳ ಆಡುತ್ತಾರೆ, ಆಡಲಿ.

*ಜಾರದ ಹಾಗೆ.* ತಟ್ಟೆ, ಬಣ್ಣದ ಬಟ್ಟಲಿನ ಕೆಳಗೆ ಒದ್ದೆ ಬಟ್ಟೆ ಹಾಸಿ. ಒಂದೇ ಕೈ ಬಳಸುವ ಮಗುವಿಗೆ ಇದೊಂದರಿಂದಲೇ ಅರ್ಧ ಕೆಲಸ ಸಲೀಸು. ಕಸೂತಿ ರಿಂಗನ್ನು ಮೇಜಿನ ಅಂಚಿಗೆ ಕ್ಲಾಂಪಿನಿಂದ ಬಿಗಿದರೆ ಒಂದು ಕೈಯಲ್ಲಿ ಹೊಲಿಯಬಹುದು.

*ಮುಟ್ಟಿದರೆ ಸಿಗುವ ಗೆರೆ.* ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಟಕಿಗೆ ಹಾಕುವ ಸೊಳ್ಳೆ ಮೆಶ್ ಸಿಗುತ್ತದೆ. ಎ4 ಅಳತೆಯ ರಟ್ಟಿಗೆ ಅದನ್ನು ಬಿಗಿಯಾಗಿ ಅಂಟಿಸಿ, ಅಂಚಿಗೆ ದಪ್ಪ ಟೇಪು ಸುತ್ತಿ, ತಂತಿ ಚುಚ್ಚಬಾರದು. ಮೇಲೆ ತೆಳು ಕಾಗದ ಇಟ್ಟು ಮೇಣದ ಬಣ್ಣದಿಂದ ಒತ್ತಿ ಗೆರೆ ಎಳೆದರೆ ಗೆರೆ ಹರಳು ಹರಳಾಗಿ ಏಳುತ್ತದೆ. ಕಣ್ಣು ಕಾಣದ ಮಗು ತಾನು ಎಳೆದ ಗೆರೆಯನ್ನು ಆ ಕ್ಷಣವೇ ಬೆರಳಲ್ಲಿ ಓದಬಹುದು. ಬಟ್ಟೆಯ ಮೇಲೆ ಆದರೆ ಮೆಹಂದಿ ಕೋನಿಗೆ ಬಟ್ಟೆಗೆ ಹಿಡಿಯುವ ಗೋಂದು ತುಂಬಿ ಗೆರೆ ಎಳೆದು ಒಂದು ರಾತ್ರಿ ಒಣಗಲು ಬಿಡಿ. ಗಟ್ಟಿ ಉಬ್ಬು ಬರುತ್ತದೆ, ಅದರೊಳಗೆ ಬಣ್ಣ ತುಂಬಬಹುದು.

*ಬಾಯಿಗೆ ಹಾಕುವ ಮಕ್ಕಳಿಗೆ.* ಮೈದಾ, ಉಪ್ಪು ಸೇರಿಸಿ ಮಾಡುವ ಆಟದ ಹಿಟ್ಟಿನಲ್ಲಿ ಉಪ್ಪು ವಿಪರೀತ ಇರುತ್ತದೆ, ತಿಂದರೆ ಅಪಾಯ. ಇವರಿಗೆ ಚಪಾತಿ ಹಿಟ್ಟಿನ ಕಣಕ ಕೊಡಿ, ಬೀಟ್‌ರೂಟ್ ರಸ, ಪಾಲಕ್ ರಸ, ಅರಿಸಿನ ಹಾಕಿ ಬಣ್ಣ ಬರಿಸಿ. ಗೋಧಿ ಆಗದ ಮಗು ಇದೆಯಾ ಅಂತ ನಿಮ್ಮ ಟಿಪ್ಪಣಿ ನೋಡಿಕೊಳ್ಳಿ. ಅದೇ ದಿನ ಬಿಸಾಡಿ. ಗುಂಡಿ, ಮಣಿ ಈ ಮೇಜಿನ ಹತ್ತಿರ ಬರಬಾರದು.

*ಅಂಟು.* ಮೈದಾ ಅಂಟು ಮನೆಯಲ್ಲೇ ಕಾಯಿಸಬಹುದು. ಒಂದು ಎಚ್ಚರಿಕೆ: ಹುಳ ಹಿಡಿಯಬಾರದು ಅಂತ ಪುಸ್ತಕ ಕಟ್ಟುವವರು, ಪೋಸ್ಟರ್ ಅಂಟಿಸುವವರು ಅದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ. ಅವರಿಂದ ಅಂಟು ತರಬೇಡಿ, ನೀವೂ ಹಾಕಬೇಡಿ. ಗೋಡೆ, ಗೇಟಿಗೆ ಹೊಡೆಯುವ ಎನಾಮಲ್ ಪೇಂಟು, ಟರ್ಪೆಂಟೈನ್ ಕೂಡ ಮಕ್ಕಳ ಕೋಣೆಗೆ ಬರಬಾರದು.

*ಒದ್ದೆ ಮುಟ್ಟದ ಮಗುವಿಗೆ* ಬಣ್ಣವನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಮುಚ್ಚಿ. ಹೊರಗಿನಿಂದ ಬೆರಳಲ್ಲಿ ತಳ್ಳಬಹುದು. ಒತ್ತಾಯ ಬೇಡ, ಮೂರನೇ ನಾಲ್ಕನೇ ವಾರಕ್ಕೆ ತಾನೇ ಕವರು ತೆಗೆದು ನೋಡಿದ ಮಕ್ಕಳನ್ನು ನೋಡಿದ್ದೇನೆ, ಎಂಟು ವಾರವೂ ಕವರಿನಲ್ಲೇ ಆಡಿದವರನ್ನೂ ನೋಡಿದ್ದೇನೆ.

ಹಂತ 6: ಒಂದೂವರೆ ಗಂಟೆಯನ್ನು ಹೇಗೆ ಹಂಚಬೇಕು

ಪ್ರತಿ ವಾರವೂ ಒಂದೇ ಕ್ರಮ. ಬದಲಿಸಬೇಡಿ. ನಿಮಗೆ ಬೇಜಾರಾಗಬಹುದು, ಮಕ್ಕಳಿಗೆ ಆಗುವುದಿಲ್ಲ.

ಬಂದು ಕೂರುವುದು 10 ನಿಮಿಷ. ಹೆಸರು ಹೇಳುವ ಆಟ 10. ಕೆಲಸ 40. ತಿಂಡಿ 15. ಉಳಿದದ್ದು ತೊಳೆಯುವುದು, ತೋರಿಸುವುದು, ಹೊರಡುವುದು. ಈ ಐದಕ್ಕೂ ಐದು ಫೋಟೋ ಕಾರ್ಡ್ ಮಾಡಿ ದಾರಕ್ಕೆ ತೂಗುಹಾಕಿ. ನಿಮ್ಮ ಹಾಲಿನದೇ ಚಾಪೆ, ನಿಮ್ಮದೇ ಬಣ್ಣದ ಬುಟ್ಟಿಯ ಫೋಟೋ ಇರಲಿ. ಒಂದು ಮುಗಿದಾಗ ಒಂದು ಮಗು ಹೋಗಿ ಕಾರ್ಡ್ ತಿರುಗಿಸುತ್ತದೆ. ಕನ್ನಡ ಬಾರದ ಒಡಿಶಾ, ಬಿಹಾರದ ಮಕ್ಕಳಿಗೂ, ಮುಂದೇನು ಅಂತ ಗೊತ್ತಿಲ್ಲದಿದ್ದರೆ ಗಾಬರಿಯಾಗುವ ಆಟಿಸಂ ಇರುವ ಮಕ್ಕಳಿಗೂ ಈ ಕಾರ್ಡುಗಳೇ ಆಸರೆ. ಕಣ್ಣು ಕಾಣದ ಮಗುವಿಗಾಗಿ ಕಾರ್ಡಿನ ಕೆಳಗೆ ಒಂದು ಚೂರು ಚಾಪೆ, ಒಂದು ಬ್ರಷ್, ಒಂದು ಲೋಟ ಹೀಗೆ ಕಟ್ಟಿ.

ತಿಂಡಿ ಎಲ್ಲರಿಗೂ ಒಂದೇ ಇರಲಿ. ಚಿಕ್ಕಿ, ಕಡಲೆಬೀಜ, ಗಟ್ಟಿ ಚಕ್ಕುಲಿ ಬೇಡ. ಬಾಳೆಹಣ್ಣು, ಮೆತ್ತನೆಯ ಇಡ್ಲಿ ಒಳ್ಳೆಯದು. ನುಂಗಲು ಕಷ್ಟವಿರುವ ಮಗುವಿಗೆ ಮನೆಯವರೇ ತಿನ್ನಿಸಲಿ.

ಹಂತ 7: ಎಂಟು ವಾರದ ಕೆಲಸ

ವಾರ 1 ಮತ್ತು 2: ಕಾಗದದ ಮೇಲೆ ಆಟ. ಮೆಶ್ ಗೆರೆ, ಕೈಯಚ್ಚು, ಎಲೆಯಚ್ಚು. ಏನನ್ನೂ ಉಳಿಸಬೇಕು ಅನ್ನುವ ಯೋಚನೆ ಬೇಡ. ಯಾವ ಮಗು ಎಲ್ಲಿ ಕೂರುತ್ತದೆ, ಯಾವುದು ಹಿಡಿಸಿತು ಅಂತ ಮನೆಗೆ ಹೋದ ಮೇಲೆ ಬರೆದಿಟ್ಟುಕೊಳ್ಳಿ.

ವಾರ 3 ಮತ್ತು 4: ಬಟ್ಟೆಯ ಮೇಲೆ ಅಚ್ಚು. ಬೆಂಡೆಕಾಯಿ ಅಡ್ಡ ಕತ್ತರಿಸಿದರೆ ಹೂವು, ಈರುಳ್ಳಿಯಲ್ಲಿ ಉಂಗುರ, ಬಾಳೆದಿಂಡಿನಲ್ಲಿ ಬಲೆ. ಕತ್ತರಿಸಿ ಹತ್ತು ನಿಮಿಷ ಕಾಗದದ ಮೇಲೆ ಬೋರಲು ಇಟ್ಟು ನೀರಿಂಗಿಸಿ, ಇಲ್ಲದಿದ್ದರೆ ಬಣ್ಣ ಹರಡುತ್ತದೆ. ಬಣ್ಣವನ್ನು ತಟ್ಟೆಗೆ ಸುರಿಯಬೇಡಿ, ಸ್ಪಂಜಿಗೆ ಹೀರಿಸಿ ಅದರ ಮೇಲೆ ಒತ್ತಿಸಿ. ಫ್ಯಾಬ್ರಿಕ್ ಬಣ್ಣ ಪೂರ್ತಿ ಒಣಗಿದ ಮೇಲೆ ಬಟ್ಟೆಯ ಹಿಂಬದಿಯಿಂದ ಇಸ್ತ್ರಿ ಮಾಡಿ, ಇಸ್ತ್ರಿ ನೀವೇ ಮಾಡಿ. ಅರಿಸಿನದ ಬಣ್ಣ ಚಂದ ಕಾಣುತ್ತದೆ, ಆದರೆ ಸೋಪು ತಾಗಿದರೆ ಕೆಂಪಾಗುತ್ತದೆ, ಬಿಸಿಲಿಗೆ ಮಾಸುತ್ತದೆ. ಕೆಂಪಾಗುವುದನ್ನು ಮಕ್ಕಳಿಗೆ ತೋರಿಸಿ, ಕೌದಿಗೆ ಮಾತ್ರ ಬಳಸಬೇಡಿ.

ಹಸಿ ಎಲೆಯನ್ನು ಬಟ್ಟೆಯ ನಡುವೆ ಇಟ್ಟು ಮರದ ಸುತ್ತಿಗೆಯಲ್ಲಿ ಕುಟ್ಟಿದರೆ ಎಲೆಯ ಗುರುತು ಮೂಡುತ್ತದೆ. ಕೈ ನಿಯಂತ್ರಣ ಕಷ್ಟವಿರುವ ಮಕ್ಕಳಿಗೆ ಇದು ತುಂಬಾ ಇಷ್ಟ. ಆದರೆ ಸದ್ದು ಆಗದ ಮಕ್ಕಳೂ ಅದೇ ಕೋಣೆಯಲ್ಲಿರುತ್ತಾರೆ. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ಹಿಂಸೆ ಆಗುವ ಸಂದರ್ಭ ಬಂದೇ ಬರುತ್ತದೆ. ಕುಟ್ಟುವ ಕೆಲಸವನ್ನು ಹೊರಗೆ ಮರದ ಕೆಳಗೆ ಹಾಕಿ, ಯಾರು ಬೇಕಾದರೂ ಹೋಗಬಹುದು ಅನ್ನಿ. ಯಾರನ್ನೂ ಹೊರಗೆ ಕಳಿಸಬೇಡಿ. ಎರಡು ಜಾಗ, ಎರಡೂ ಒಳ್ಳೆಯ ಜಾಗ ಅನ್ನಿಸಬೇಕು.

ವಾರ 5 ಮತ್ತು 6: ಅಂಟಿಸುವುದು, ಹೊಲಿಯುವುದು. ಮೊಂಡು ತುದಿಯ ದೊಡ್ಡ ಕಣ್ಣಿನ ಸೂಜಿ ತನ್ನಿ. ಗೋಣಿ ಹೊಲಿಯುವ ದಬ್ಬಳ ಬೇಡ. ಸೂಜಿಗಳನ್ನು ಎಣಿಸಿ ಕೊಡಿ, ಎಣಿಸಿ ಇಸಿದುಕೊಳ್ಳಿ. ಒಂದು ಕಡಿಮೆಯಾದರೆ ಯಾರೂ ಏಳುವ ಮುಂಚೆ ಅಯಸ್ಕಾಂತ ಹಿಡಿದು ನೆಲ ಸವರಿ. ಹೊಲಿಯಲಾಗದ ಮಗು ಗುಂಡಿ ಆರಿಸಲಿ, ಬಟ್ಟೆಯ ಚೂರು ಎಲ್ಲಿ ಕೂರಬೇಕು ಅಂತ ಕಣ್ಣಿನಲ್ಲಿ ತೋರಿಸಲಿ, ನೀವು ಅಲ್ಲೇ ಹೊಲಿಯಿರಿ. ಅರ್ಧ ಇಂಚು ಪಕ್ಕಕ್ಕೆ ಇಟ್ಟರೆ ಚಂದ ಅನ್ನಿಸಿದರೂ ಇಡಬೇಡಿ. ಆರಿಸಿದ್ದು ಮಗು.

ವಾರ 7: ಜೋಡಿಸುವುದು. 24 ಚೌಕಗಳನ್ನು ಜಮಖಾನದ ಮೇಲೆ 4 ಅಡಿ, 6 ಅಡಿಯಾಗಿ ಹರಡಿ, ಯಾವುದರ ಪಕ್ಕ ಯಾವುದು ಅಂತ ಮಕ್ಕಳೇ ತೀರ್ಮಾನಿಸಲಿ. ಕೆಲಸದ 40 ನಿಮಿಷವೂ ಇದಕ್ಕೇ ಹಿಡಿಯಬಹುದು, ಜಗಳವೂ ಆಗಬಹುದು. ಅವಸರ ಮಾಡಬೇಡಿ.

ವಾರ 8: ಚೌಕಗಳನ್ನು ದೊಡ್ಡವರು ಮಿಷನ್‌ನಲ್ಲಿ ಕೂಡಿಸಿಟ್ಟಿರುತ್ತೀರಿ. ಅಡಿಗೆ ಎರಡು ಪದರ ಹಳೆ ಹತ್ತಿ ಸೀರೆ. ಸೀರೆ ಅಗಲ ಸಾಮಾನ್ಯವಾಗಿ 4 ಅಡಿಗೆ ಸ್ವಲ್ಪ ಕಡಿಮೆ ಬೀಳುತ್ತದೆ, ಅಂಚಿಗೆ ಪಟ್ಟಿ ಸೇರಿಸಿಕೊಳ್ಳಿ. ಮೂರೂ ಪದರ ಜರುಗದ ಹಾಗೆ ಮೊದಲು ದೊಡ್ಡ ದೊಡ್ಡ ಟಾಕಾ ಹಾಕಿ. ಆಮೇಲೆ ಅಮ್ಮಂದಿರು, ಅಜ್ಜಿಯರು, ಮಕ್ಕಳು ಸುತ್ತ ಕೂತು ಸಾಲು ಹೊಲಿಗೆ ಹಾಕುವುದು. ಸಾಲು ಸೊಟ್ಟ ಹೋದರೆ ಬಿಚ್ಚಬೇಡಿ.

ದಾರಿ ತಪ್ಪುತ್ತಿದೆ ಅನ್ನುವ ಗುರುತುಗಳು

ಎಲ್ಲ ಚೌಕಗಳೂ ಒಂದೇ ಥರ ಕಾಣುತ್ತಿವೆಯಾ? ದೊಡ್ಡವರು ಕೈ ಹಾಕಿದ್ದಾರೆ ಅಂತ ಅರ್ಥ. ಸ್ಯಾಂಪಲ್ ಮಾಡಿ ತೋರಿಸುವುದನ್ನು ನಿಲ್ಲಿಸಿ.

ಒಂದು ಮಗುವಿನ ಪಕ್ಕ ಯಾವಾಗಲೂ ದೊಡ್ಡವರೇ ಇದ್ದಾರಾ? ಅದು ಬಂದಿದೆ ಅಷ್ಟೇ, ಸೇರಿಲ್ಲ. ದೊಡ್ಡವರು ಎರಡು ಅಡಿ ಹಿಂದೆ ಸರಿದು ಇನ್ನೊಂದು ಮಗುವಿಗೆ ಆ ಜಾಗ ಬಿಡಿ.

ಮಗು ಕಿವಿ ಮುಚ್ಚುತ್ತಿದೆ, ಮೇಜಿನ ಕೆಳಗೆ ಹೋಗುತ್ತಿದೆ, ಜೋರಾಗಿ ನಗುತ್ತಲೇ ಇದೆ. ಇವೆಲ್ಲ "ಸಾಕಾಯ್ತು" ಅನ್ನುವ ಮಾತು. ಮಾತಾಡಿಸಬೇಡಿ, ಸದ್ದು ತಗ್ಗಿಸಿ, ಮೂಲೆಯ ದಾರಿ ತೋರಿಸಿ.

"ಪಾಪ" ಅನ್ನುವ ಮಾತು ಕೋಣೆಯಲ್ಲಿ ಕೇಳುತ್ತಿದೆಯಾ? ಯಾರೇ ಅಂದರೂ ಪಕ್ಕಕ್ಕೆ ಕರೆದು ಹೇಳಿ.

ಒಂದು ಮಗು ಒಂದು ವಾರ ಬರಲಿಲ್ಲ. ಫೋನ್ ಸಾಲದು, ಮನೆಗೆ ಹೋಗಿ. ಎರಡನೇ ವಾರದವರೆಗೆ ಕಾದರೆ ಆ ಮಗು ಮತ್ತೆ ಬರುವುದು ಕಷ್ಟ. ಹೋದಾಗ "ಯಾಕೆ ಬರಲಿಲ್ಲ?" ಅನ್ನಬೇಡಿ, "ನಾವೇನು ಬದಲಿಸಬೇಕು?" ಅಂತ ಕೇಳಿ.

ಕೆಲಸ ಮುಗಿಯುವ ಹೊತ್ತಿಗೆ ಯಾರಾದರೂ ಬಹುಮಾನ ಕೊಡ್ತೀವಿ ಅಂತ ಮುಂದೆ ಬರುತ್ತಾರೆ. ಮೊದಲನೇ ಸ್ಥಾನ, ಎರಡನೇ ಸ್ಥಾನ ಬಂದ ಕ್ಷಣ ಎಂಟು ವಾರದ ಕೆಲಸ ಹಾಳಾಗುತ್ತದೆ. ಆ ಹಣಕ್ಕೆ ದಾರ, ಬಟ್ಟೆ ಕೊಡಿಸಿ ಅನ್ನಿ.

ಹಂತ 8: ತೋರಿಸುವ ದಿನ, ಆಮೇಲೆ

ವೇದಿಕೆ, ಮೈಕು, ಮುಖ್ಯ ಅತಿಥಿ ಬೇಡ. ಕೌದಿಯನ್ನು ಎತ್ತರದ ಗೋಡೆಗೆ ತೂಗುಹಾಕಬೇಡಿ, ವೀಲ್‌ಚೇರಿನಲ್ಲಿ ಕೂತವರ ಕೈಗೆ ಸಿಗುವ ಎತ್ತರದಲ್ಲಿ ಹಗ್ಗಕ್ಕೆ ಹಾಕಿ. ಬಂದವರೆಲ್ಲ ಮುಟ್ಟಿ ನೋಡಲಿ. ಪ್ರತಿ ಚೌಕದ ಹಿಂದೆ ಮಗುವಿನ ಹೆಸರನ್ನು ದಾರದಲ್ಲಿ ಹೊಲಿದಿಡಿ, ಹೆಸರಿನ ಜೊತೆ ಊರು, ಕಾಯಿಲೆ ಏನೂ ಬೇಡ. ತನ್ನ ಚೌಕದ ಬಗ್ಗೆ ಹೇಳಬೇಕು ಅನ್ನುವ ಮಗು ಹೇಳಲಿ, ಬೇಡ ಅನ್ನುವ ಮಗು ಪಕ್ಕದಲ್ಲಿ ನಿಂತರೆ ಸಾಕು.

ಕೊನೆಗೆ ಕೌದಿ ಯಾರ ಹತ್ತಿರ ಇರಬೇಕು ಅನ್ನುವ ಪ್ರಶ್ನೆ ಬರುತ್ತದೆ. ಬೀರುವಿನಲ್ಲಿ ಇಡಬೇಡಿ. ಒಂದು ಪುಸ್ತಕ ಮಾಡಿ, ಸರದಿ ಬರೆಯಿರಿ, ಒಂದೊಂದು ವಾರ ಒಂದೊಂದು ಮನೆಗೆ ಹೋಗಲಿ, ಮಕ್ಕಳು ಹೊದ್ದು ಮಲಗಲಿ. ಕೆಲಸ ಮುಗಿದು ಊರಿಗೆ ಹೊರಡುವ ಶೆಡ್ಡಿನ ಮನೆಗಳಿಗೆ ಮೊದಲ ಸರದಿ ಕೊಡಿ. ಒಗೆಯುವುದು ತಣ್ಣೀರಿನಲ್ಲಿ, ಹಿಂಡಬಾರದು, ನೆರಳಿನಲ್ಲಿ ಒಣಗಿಸಬೇಕು. ಇದನ್ನೂ ಪುಸ್ತಕದ ಮೊದಲ ಪುಟದಲ್ಲಿ ಚಿತ್ರ ಬರೆದು ತೋರಿಸಿ, ಓದಲು ಬಾರದ ಮನೆಗಳೂ ಇರುತ್ತವೆ.